ಎಲೆಗೊಂದು ನ್ಯಾಯ, ಹೂವಿಗೊಂದು ನ್ಯಾಯ

ಎರಡು ವರ್ಷಗಳ ಹಿಂದೆ ತಾಯಿಯವರನ್ನು ಕಾಶಿಯಾತ್ರೆಗೆ ಕರೆದುಕೊಂಡು ಹೋಗಿದ್ದೆ. ವಿಶ್ವನಾಥನ ದರ್ಶನ ಮುಗಿಸಿ ಗಲ್ಲಿಯಲ್ಲಿ ಬರುತ್ತಿರುವಾಗ ಒಂದು ಅಂಗಡಿಯ ಮುಂದೆ ಆಕೆ ನಿಂತುಬಿಟ್ಟರು. ತಟ್ಟೆಯಲ್ಲಿ ಹಸಿರು ಉಂಡೆಗಳು. ಬೋರ್ಡಿನಲ್ಲಿ ಏನಿದೆಯೆಂದು ಕೇಳಿದರು. “ಸರ್ಕಾರಿ ಭಾಂಗ್ ಅಂಗಡಿ” ಎಂದು ಓದಿ ಹೇಳಿದೆ.

“ಭಂಗಿಸೊಪ್ಪೇನೋ? ಸರ್ಕಾರದೋರೇ ಮಾರ್ತಾರಾ? ನಮ್ಮೂರಲ್ಲಿ ಆ ಗಿಡ ಇಟ್ಟುಕೊಂಡರೆ ಪೊಲೀಸಿನೋರು ಹಿಡ್ಕೊಂಡು ಹೋಗ್ತಾರಲ್ಲೋ!”

ನಾನು ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದವನು, ಹೊಟ್ಟೆಪಾಡಿಗೆ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತ. ಎರಡು ವಿದ್ಯೆಗಳೂ ಆ ಹೊತ್ತಿಗೆ ಕೈಕೊಟ್ಟವು. “ಶಿವನ ಊರಲ್ಲವೇನಮ್ಮಾ” ಎಂದು ಜಾರಿಕೊಂಡೆ.

ಕಳೆದ ಚಳಿಗಾಲದಲ್ಲಿ ಅದೇ ಪ್ರಶ್ನೆ ಮನೆ ಬಾಗಿಲಿಗೆ ಬಂತು. ಪಕ್ಕದ ಕ್ವಾರ್ಟರ್ಸಿನ ಕನ್ನಡಿಗ ಮಿತ್ರರೊಬ್ಬರು ರಾತ್ರಿ ಹತ್ತು ಗಂಟೆಗೆ ಬಂದು ಕುಳಿತರು. ಕಾಲೇಜಿಗೆ ಹೋಗುವ ಅವರ ಮಗ ಗಾಂಜಾ ಪೊಟ್ಟಣದೊಂದಿಗೆ ಸಿಕ್ಕಿಬಿದ್ದಿದ್ದ. ಜಾಮೀನೇನೋ ಆಗಿತ್ತು.

“ರಾಯರೇ, ನೀವು ಸೈನ್ಸ್ ಓದಿದವರು. ಹೋಳಿಯ ದಿನ ಇದೇ ಕಾಲೊನಿಯಲ್ಲಿ ಎಲ್ಲರೂ ಭಾಂಗ್ ಬೆರೆಸಿದ ಠಂಡಾಯಿ ಕುಡಿಯುವುದಿಲ್ಲವೇ? ಅದೇ ಗಿಡ ತಾನೇ? ನನ್ನ ಮಗನಿಗೆ ಮಾತ್ರ ಈ ಗತಿಯೇಕೆ?”

ಮರುದಿನದಿಂದ ಕಾನೂನಿನ ಪುಸ್ತಕ ಹಿಡಿದು ಕುಳಿತೆ. ಗಿಡ ಒಂದೇ, ನಿಜ. ಆದರೆ 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂ ಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ತುದಿಯಿಲ್ಲದ ಬರಿಯ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಒಂದು ಜಾಮೀನು ಅರ್ಜಿಯಲ್ಲಿ, ಭಾಂಗ್ ನಿಷಿದ್ಧವೆಂದು ತೋರಿಸುವ ಆಧಾರವಿಲ್ಲವೆಂದಿತು. ಶಾಸ್ತ್ರ ಕೇಳಿದರೆ, ಅಂಟು ಹೆಚ್ಚಾಗಿ ಒಸರುವುದು ಹೆಣ್ಣು ಹೂವಿನ ಗೊಂಚಲಿನಲ್ಲಿ. ಅಮಲೇರಿಸುವ ಟಿ.ಎಚ್.ಸಿ. ಎಂಬ ವಸ್ತುವನ್ನು ಇಸ್ರೇಲಿನ ವಿಜ್ಞಾನಿಗಳು 1964ರಲ್ಲಿ ಬೇರ್ಪಡಿಸಿ ತೋರಿಸಿದರು. ಎಲೆಯಲ್ಲೂ ಅದು ಇದೆ, ಕಡಿಮೆ ಅಷ್ಟೆ.

ಈ ಗೆರೆ ಎಳೆದವರು ಯಾರು? 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಗಾಂಜಾಕ್ಕೆ ಕೊಟ್ಟ ಲಕ್ಷಣವೇ ನಮ್ಮ ಕಾಯಿದೆಗೂ ಬಂದಿದೆ. ಬಳಕೆ ನಿಲ್ಲಿಸಲು ಒಪ್ಪಂದ 25 ವರ್ಷಗಳ ಗಡುವು ಕೊಟ್ಟಿತ್ತು. ಗಡುವು ತೀರುವ ಮುನ್ನ, 1985ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ, ಕಾಯಿದೆ ಜಾರಿಗೆ ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕಿಂತ ಹಳೆಯ ಕಡತ. 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯಿಂದಾಗಿ ಇಲ್ಲಿನ ಸರ್ಕಾರ ಒಂದು ಆಯೋಗ ನೇಮಿಸಿತು. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಊರೂರು ಸುತ್ತಿ 1,193 ಸಾಕ್ಷಿಗಳನ್ನು ವಿಚಾರಿಸಿದರು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆಂಬ ಮಾತು ಆಗ ಎಲ್ಲರ ಬಾಯಲ್ಲಿ. ಹುಚ್ಚಾಸ್ಪತ್ರೆಗಳ ದಾಖಲೆಯೇ ಅದಕ್ಕೆ ಆಧಾರ. ಆಯೋಗದವರು ಆ ದಾಖಲೆಯನ್ನು ನಂಬಿ ಬರೆಯಲಿಲ್ಲ. ಒಂದೊಂದೇ ಪ್ರಕರಣವನ್ನು ಬಿಚ್ಚಿ ನೋಡಿದರು. 1892ರ ಸಾಲಿನಲ್ಲಿ ಗಾಂಜಾ, ಭಾಂಗುಗಳ ತಲೆಗೆ ಕಟ್ಟಿದ್ದ 222 ಪ್ರಕರಣಗಳಲ್ಲಿ ವಿಚಾರಣೆಗೆ ನಿಂತದ್ದು 98. ಉಳಿದವುಗಳಲ್ಲಿ, ‘ಕಾರಣ’ ಎಂಬ ಕಲಮನ್ನು ಖಾಲಿ ಬಿಡಬಾರದೆಂದು ಯಾರೋ ತುಂಬಿದ್ದರು.

ಅದನ್ನೋದಿ ನಾಚಿಕೆಯಾಯಿತು. ವರ್ಷಕೊನೆಯ ಅವಸರದಲ್ಲಿ ಹಿಂದಿನ ಪುಟದಲ್ಲಿದ್ದುದನ್ನೇ ಮುಂದಿನ ಪುಟಕ್ಕೆ ಇಳಿಸಿದ ಕೈ ನನ್ನದೂ ಹೌದು.

ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು. ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಡಿ ಎಂದು 1894ರಲ್ಲಿ ಆಯೋಗ ವರದಿ ಕೊಟ್ಟಿತು. ಮುಂದೆ ಲೋಕ ನಡೆದ ದಾರಿ ಬೇರೆ. ಅಮೆರಿಕ 1937ರಲ್ಲಿ ಭಾರಿ ತೆರಿಗೆಯ ಕಾಯಿದೆ ತಂದು ಗಾಂಜಾದ ಬಾಗಿಲು ಮುಚ್ಚಿತು. ಅದೇ ಅಮೆರಿಕದ ಎರಡು ರಾಜ್ಯಗಳು 2012ರಲ್ಲಿ ಜನಮತದಿಂದ ಬಾಗಿಲು ತೆರೆದವು. ಕೆನಡಾ 2018ರಲ್ಲಿ ದೇಶಕ್ಕೆಲ್ಲ ತೆರೆಯಿತು. 2020ರಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು.

ಹಾಗೆಂದು ಗಾಂಜಾ ನಿರಪಾಯವೆಂದು ನಾನು ವಕಾಲತ್ತು ವಹಿಸುತ್ತಿಲ್ಲ. ಎಳೆಯ ವಯಸ್ಸಿನ ಮಿದುಳಿಗೆ ಅದು ಒಳ್ಳೆಯದಲ್ಲ. ನಾನು ಕೇಳುವುದಿಷ್ಟೆ: ಪರವಾಗಿಯೋ ವಿರೋಧವಾಗಿಯೋ ವಾದ ಮಾಡುವವರು ಆ ಹಳೆಯ ಆಯೋಗದವರ ಹಾಗೆ ಮೊದಲು ವಿಚಾರಿಸಬಾರದೇ?

ಮಿತ್ರರಿಗೆ ಇದ್ದುದನ್ನು ಹೇಳಿದೆ. ಹೂವು–ಎಲೆಯ ವಾದ ಹುಡುಗನ ನೆರವಿಗೆ ಬಾರದು. 2001ರ ತಿದ್ದುಪಡಿಯ ನಂತರ ತೂಕದ ಮೇಲೆ ಶಿಕ್ಷೆ. ಒಂದು ಕಿಲೋದವರೆಗೆ ಅಲ್ಪ ಪ್ರಮಾಣ, ಅದಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲವೆ ಎರಡೂ. ಒಳ್ಳೆಯ ವಕೀಲರನ್ನು ನೋಡಿ ಎಂದೆ. “ಸೇದಿದ್ದೇಕೆಂದು ಅವನನ್ನು ಕೇಳಿದಿರಾ?” ಎಂದೂ ಕೇಳಿದೆ. ಅವರು ತಲೆ ತಗ್ಗಿಸಿದರು. ಅದುವರೆಗೂ ಬರೀ ಹೊಡೆದಿದ್ದರು.

ಹುಡುಗ ನಾಳೆ ಸರ್ಕಾರಿ ನೌಕರಿಗೆ ಆಯ್ಕೆಯಾದರೆ ಒಂದು ನಮೂನೆ ತುಂಬಬೇಕು. “ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ?” ಎಂಬ ಕಲಮು ಅದರಲ್ಲಿದೆ. ಆ ಕಾಗದ ಮೊದಲು ಬಂದು ಬೀಳುವುದು ನನ್ನಂಥ ಒಬ್ಬ ಗುಮಾಸ್ತನ ಮೇಜಿನ ಮೇಲೆ. ಆತ ಆ ಒಂದು ಕಲಮನ್ನಷ್ಟೇ ನೋಡಿ ಕಡತ ಮುಚ್ಚದಿರಲಿ.