ಗ್ರೀನ್‌ಫೀಲ್ಡ್‌ನ ಕುಲುಮೆಯಿಂದ ಹೊರಟ ಕಾರು

1915ರ ಸೆಪ್ಟೆಂಬರ್ 23. ಅಮೆರಿಕದ ಒಹಾಯೋ ರಾಜ್ಯದ ಗ್ರೀನ್‌ಫೀಲ್ಡ್ ಎಂಬ ಚಿಕ್ಕ ಊರಿನಲ್ಲಿ, ಸಿ. ಆರ್. ಪ್ಯಾಟರ್ಸನ್ ಅಂಡ್ ಸನ್ಸ್ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದೀರಿ. ಕುಲುಮೆಯ ಹೊಗೆ, ಹೆರೆದ ಮರದ ವಾಸನೆ, ವಾರ್ನಿಷಿನ ಘಾಟು ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಕರಿಯರೂ ಬಿಳಿಯರೂ ಒಂದೇ ಸೂರಿನಡಿ ದುಡಿಯುತ್ತಿದ್ದಾರೆ. ಆ ಕಾಲದ ಅಮೆರಿಕದಲ್ಲಿ ಇದು ಅಪರೂಪದ ನೋಟ, ಕಣ್ತುಂಬ ನೋಡಿಕೊಳ್ಳಿ.

ಒಳಗೆ ಬನ್ನಿ. ಸಾರೋಟಿನ ಚಕ್ರವೊಂದನ್ನು ನೆಲದ ಮೇಲೆ ಮಲಗಿಸಿದ್ದಾರೆ. ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ತಂದು, ಅದರ ಅಂಚಿಗೆ ಕೂರಿಸಿ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಮರ ಚಿಟಚಿಟ ಸುಡುತ್ತದೆ. ಕೂಡಲೇ ನೀರು ಸುರಿಯುತ್ತಾರೆ. ಹಬೆ ಮುಖಕ್ಕೆ ಹೊಡೆಯುತ್ತದೆ, ಪಟ್ಟಿ ಕುಗ್ಗಿ ಕಡ್ಡಿಗಳನ್ನೆಲ್ಲ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ನಮ್ಮ ಹಳ್ಳಿಯ ಕಮ್ಮಾರರು ಎತ್ತಿನಗಾಡಿಗೆ ಪಟ್ಟಿ ಹಾಕುತ್ತಿದ್ದುದು ಹೀಗೆಯೇ.

ಈ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದವರು ಚಾರ್ಲ್ಸ್ ರಿಚರ್ಡ್ ಪ್ಯಾಟರ್ಸನ್. 1833ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ್ದು ಗುಲಾಮನಾಗಿ. ಒಹಾಯೋಗೆ ಬಂದು ಕಮ್ಮಾರಿಕೆ ಕಲಿತರು, 1873ರಲ್ಲಿ ಬಿಳಿಯ ಪಾಲುದಾರರೊಬ್ಬರ ಜೊತೆ ಸಾರೋಟಿನ ಉದ್ಯಮಕ್ಕಿಳಿದರು, 1893ರಲ್ಲಿ ಅವರ ಪಾಲನ್ನೂ ಕೊಂಡರು. ರೋಗಿಗಳ ಮನೆಗೆ ಓಡಾಡುವ ಡಾಕ್ಟರರಿಗೆಂದೇ ಮಾಡಿದ ಬಗ್ಗಿಗಳಿಗೆ ಹೆಸರಾಗಿದ್ದರು. ಅವರು ತೀರಿಕೊಂಡು ಐದು ವರ್ಷವಾಗಿದೆ.

ಅಲ್ಲಿ ನಿಂತಿರುವವರು ಮಗ ಫ್ರೆಡರಿಕ್ ಡಗ್ಲಸ್ ಪ್ಯಾಟರ್ಸನ್. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದ ಮೊದಲ ಕರಿಯ. ಲೂಯಿವಿಲ್‌ನಲ್ಲಿ ಮೇಷ್ಟ್ರಾಗಿದ್ದವರು ಅಪ್ಪನ ಕಾರ್ಖಾನೆಗೆ ಮರಳಿದರು. ಬೀದಿಯಲ್ಲಿ ಕುದುರೆಯಿಲ್ಲದ ಗಾಡಿಗಳು ಹೆಚ್ಚುತ್ತಿರುವುದನ್ನು ಕಂಡು, ಮೊದಲು ಬೇರೆಯವರ ಕಾರುಗಳನ್ನು ರಿಪೇರಿ ಮಾಡಿಸಿದರು. ಈಗ ಸ್ವಂತದ ಕಾರು ತಯಾರಾಗಿದೆ. ಹೆಸರು ಪ್ಯಾಟರ್ಸನ್-ಗ್ರೀನ್‌ಫೀಲ್ಡ್.

ಹತ್ತಿರ ಹೋಗಿ, ಬಾಗಿಲ ಮೇಲೆ ಬೆರಳಾಡಿಸಿ. ಸಾರೋಟಿಗೆ ಬಣ್ಣ ಬಳಿದು ಪಳಗಿದ ಕೈಗಳ ಕೆಲಸ ಅದು, ಎಲ್ಲೂ ತರಿಯಿಲ್ಲ. ಗಾಳಿ ಬೇಕೆನಿಸಿದಾಗ ಮುಂದಿನ ಗಾಜಿನ ಮೇಲರ್ಧ ತೆರೆದುಕೊಳ್ಳುತ್ತದೆ. ದೀಪ ವಿದ್ಯುತ್ತಿನದು, ಸ್ಟಾರ್ಟರೂ ವಿದ್ಯುತ್ತಿನದು. ಹ್ಯಾಂಡಲ್ ತಿರುವಿ ತೋಳು ನೋಯಿಸಿಕೊಳ್ಳಬೇಕಿಲ್ಲ. ನಾಲ್ಕು ಸಿಲಿಂಡರಿನ, 30 ಅಶ್ವಶಕ್ತಿಯ ಎಂಜಿನ್ ಮಾತ್ರ ಕಾಂಟಿನೆಂಟಲ್ ಕಂಪನಿಯಿಂದ ಕೊಂಡದ್ದು. ಅದು ಗುಡುಗುಡು ಎಂದು ಜೀವ ತಳೆಯುತ್ತದೆ, ಕಾಲಡಿಯ ಹಲಗೆ ನಡುಗುತ್ತದೆ. ಕರಿಯರ ಒಡೆತನದ ಕಂಪನಿಯೊಂದು ತಯಾರಿಸಿದ ಅಮೆರಿಕದ ಮೊದಲ ಕಾರು ರಸ್ತೆಗಿಳಿಯುತ್ತಿದೆ.

ಬೆಲೆ 850 ಡಾಲರ್. ತೊಡಕಿರುವುದು ಅಲ್ಲೇ. ಹೆನ್ರಿ ಫೋರ್ಡ್ ಎರಡು ವರ್ಷದ ಹಿಂದೆಯೇ ಹೈಲ್ಯಾಂಡ್ ಪಾರ್ಕ್‌ನಲ್ಲಿ ಚಲಿಸುವ ಜೋಡಣಾ ಸಾಲು ಶುರುಮಾಡಿದ್ದಾರೆ. ಹನ್ನೆರಡು ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ ಅಲ್ಲಿ ಸುಮಾರು ಒಂದೂವರೆ ಗಂಟೆಗೆ ಮುಗಿಯುತ್ತಿದೆ. ಮಾಡೆಲ್ ಟಿ ಕಾರು 500 ಡಾಲರ್‌ಗಿಂತ ಕಡಿಮೆಗೆ ಸಿಗುತ್ತಿದೆ. ಕೆಲವೇ ಡಜನ್ ಜನ ಕೈಯಾರೆ ಮಾಡಿದ ಕಾರು ಆ ಬೆಲೆಗೆ ಹೇಗೆ ತಾನೇ ಬಂದೀತು? ಕೊರತೆ ಇದ್ದದ್ದು ಬಂಡವಾಳದಲ್ಲಿ, ಕಸುಬಿನಲ್ಲಲ್ಲ. ಕರಿಯರಿಗೆ ಸಾಲ ಹುಟ್ಟುವುದೇ ದುಸ್ತರವಾಗಿದ್ದ ಕಾಲದಲ್ಲಿ ಈ ಕಾರು ರಸ್ತೆ ಕಂಡಿತೆಂಬುದೇ ನನ್ನ ಮಟ್ಟಿಗೆ ಬಹು ದೊಡ್ಡ ಸಾಧನೆ.

ಮೂರ್ನಾಲ್ಕು ವರ್ಷದಲ್ಲಿ ಕಾರು ತಯಾರಿಕೆ ನಿಂತಿತು. ಆದದ್ದು ಹೆಚ್ಚೆಂದರೆ 150 ಕಾರುಗಳೆಂದು ಅಂದಾಜು. ಫ್ರೆಡರಿಕ್ ಕೈಚೆಲ್ಲಲಿಲ್ಲ. 1920ರಲ್ಲಿ ಗ್ರೀನ್‌ಫೀಲ್ಡ್ ಬಸ್ ಬಾಡಿ ಕಂಪನಿ ತೆರೆದು, ಬೇರೆಯವರ ಚಾಸಿಗಳ ಮೇಲೆ ಶಾಲಾ ಬಸ್ಸುಗಳ ಬಾಡಿ ಕಟ್ಟಿದರು. ಮಹಾ ಆರ್ಥಿಕ ಕುಸಿತ ಅದನ್ನೂ ಬಿಡಲಿಲ್ಲ. 1932ರಲ್ಲಿ ಅವರು ತೀರಿಕೊಂಡರು, 1939ರಲ್ಲಿ ಕಂಪನಿ ಮುಚ್ಚಿತು.

ಪ್ಯಾಟರ್ಸನ್ ಸಾರೋಟುಗಳು ಕೆಲವು ಇಂದಿಗೂ ಉಳಿದಿವೆ. ಕಾರು ಮಾತ್ರ ಒಂದೂ ಪತ್ತೆಯಾಗಿಲ್ಲ. ಅಪ್ಪ-ಮಗ ಇಬ್ಬರ ಹೆಸರೂ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್ ಸೇರಿದ್ದು 2021ರಲ್ಲಿ. ಇಷ್ಟು ತಡವಾಗಬಾರದಿತ್ತು.