ಹಸಿರು ಮಾತ್ರೆಯ ಭರವಸೆ

ಸಕ್ಕರೆ ಕಾಯಿಲೆಯವರಿರುವ ಮನೆಗೆ ಸಲಹೆಗಳ ಬರ ಎಂದೂ ಇಲ್ಲ. ಬಂಧುಗಳೊಬ್ಬರು ಸ್ಪಿರುಲಿನಾ ಮಾತ್ರೆಯ ಡಬ್ಬಿ ತಂದು, 'ಇನ್ನು ಡಾಕ್ಟರ ಔಷಧಿ ಬಿಡಬಹುದು' ಎಂದಾಗ ನಮ್ಮ ಉಮ್ಮನ ಮುಖ ಅರಳಿತು.

ಸ್ಪಿರುಲಿನಾ ಎಂಬ ಈ ನೀಲಿ-ಹಸಿರು ಪಾಚಿ ಹೊಸದೇನಲ್ಲ. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಜನರಿಗೆ ಅದು ಹಳೆಯ ಆಹಾರ. ಅದರ ಗುಣವೂ ಬರೀ ಕಟ್ಟುಕತೆಯಲ್ಲ. 2001ರಲ್ಲಿ ಪ್ರಕಟವಾದ ಬರೋಡಾದ ಅಧ್ಯಯನವೊಂದರಲ್ಲಿ, ದಿನಕ್ಕೆ 2 ಗ್ರಾಂನಂತೆ ಎರಡು ತಿಂಗಳು ಸೇವಿಸಿದ ಮಧುಮೇಹಿಗಳ ರಕ್ತದ ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಇಳಿದಿದ್ದವು. ಆದರೆ ಅಧ್ಯಯನದಲ್ಲಿದ್ದವರು ಕೇವಲ 25 ಮಂದಿ! ಅಷ್ಟನ್ನೇ ನಂಬಿ ಔಷಧಿ ಬಿಡಬಹುದೇ?

ಏರಿದ ಸಕ್ಕರೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡಗಳನ್ನು ಸವೆಸುತ್ತದೆ. ಆದ್ದರಿಂದ ಉಮ್ಮನಿಗೆ ನಾವು ಹೇಳಿದ್ದಿಷ್ಟೇ: ಡಾಕ್ಟರು ಒಪ್ಪಿದರೆ ಪಾಚಿ ಔಷಧಿಯ ಜೊತೆಗಿರಲಿ, ಔಷಧಿಯ ಜಾಗದಲ್ಲಿ ಬೇಡ.