ಕುದುರೆಯ ಜೊತೆ ಓಟಕ್ಕೆ ನಿಂತವರು

ಲಾನೂರ್ಟಿಡ್ ವೆಲ್ಸ್, ವೇಲ್ಸ್
ಜೂನ್, ಶನಿವಾರ ರಾತ್ರಿ

ಪ್ರೀತಿಯ ಚಿಕ್ಕಪ್ಪ,

ಕಾಲು ಪದ ಹೇಳುತ್ತಿದೆ. ನಾನು ಓಡಿದೆನೆಂದುಕೊಳ್ಳಬೇಡಿ, ಓಡುವವರನ್ನು ನೋಡಲು ಗುಡ್ಡ ಹತ್ತಿದ್ದಕ್ಕೇ ಈ ಗತಿ. ಇವತ್ತು ಇಲ್ಲಿ ಮನುಷ್ಯರೂ ಕುದುರೆಗಳೂ ಒಂದೇ ಪಂದ್ಯದಲ್ಲಿ ಓಡಿದರು. ಸುಮಾರು 35 ಕಿಲೋಮೀಟರ್; ಕಾಡು, ಹಳ್ಳ, ಜೌಗು, ಕಲ್ಲುಗುಡ್ಡ.

ಇದೆಲ್ಲ ಹುಟ್ಟಿದ್ದು ಊರ ನಡುವಿನ ನೇಯದ್ ಆರ್ಮ್ಸ್ ಎಂಬ ಪಬ್ಬಿನಲ್ಲಿ. ದೂರದ ಗುಡ್ಡಗಾಡು ದಾರಿಯಲ್ಲಿ ಮನುಷ್ಯ ಕುದುರೆಗೆ ಸಾಟಿಯಾಗಬಲ್ಲ ಎಂದು ಯಾರೋ ವಾದ ಹೂಡಿದ್ದು ಮಾಲೀಕ ಗಾರ್ಡನ್ ಗ್ರೀನ್ ಕಿವಿಗೆ ಬಿತ್ತು. ನಮ್ಮಲ್ಲಾಗಿದ್ದರೆ ಚಾ ಆರುವುದರೊಳಗೆ ಮರೆತುಹೋಗುತ್ತಿದ್ದ ಮಾತು. ಆತ 1980ರಲ್ಲಿ ಪಂದ್ಯವನ್ನೇ ಇಟ್ಟುಬಿಟ್ಟ! ಸಾವಿರ ಜನವೂ ಇಲ್ಲದ ಊರು ಅವನ ಬೆನ್ನಿಗೆ ನಿಂತಿತು.

ಇಪ್ಪತ್ತಕ್ಕೂ ಹೆಚ್ಚು ವರ್ಷ ಕುದುರೆಯೇ ಗೆದ್ದಿತು. ನಡುವೆ 1989ರಲ್ಲಿ ಟಿಮ್ ಗೌಲ್ಡ್ ಎಂಬಾತ ಅದನ್ನು ಹಿಂದೆ ಹಾಕಿದ್ದುಂಟು, ಆದರೆ ಸೈಕಲ್ ಮೇಲೆ. ಆಗ ಅದಕ್ಕೂ ಅವಕಾಶವಿತ್ತಂತೆ. ನನ್ನ ಲೆಕ್ಕಕ್ಕೆ ಅದು ಬರುವುದಿಲ್ಲ, ನಿಮ್ಮದಕ್ಕೂ ಬರಲಾರದು. ಗೆದ್ದ ಓಟಗಾರನಿಗೆಂದು ಇಟ್ಟ ಹಣ ಯಾರ ಕೈಗೂ ಹೋಗದೆ ಬೆಳೆದು ಬೆಳೆದು 25,000 ಪೌಂಡ್ ಮುಟ್ಟಿತ್ತು. 2004ರಲ್ಲಿ ಹ್ಯೂ ಲಾಬ್ 2 ಗಂಟೆ 5 ನಿಮಿಷ 19 ಸೆಕೆಂಡಿನಲ್ಲಿ ಓಡಿ, ಮೊದಲ ಕುದುರೆಗಿಂತ ಎರಡು ನಿಮಿಷ ಮುಂಚೆ ಗುರಿ ಮುಟ್ಟಿ, ಅಷ್ಟನ್ನೂ ಬಾಚಿಕೊಂಡ. ನನಗೆ ಇನ್ನೂ ಇಷ್ಟವಾದದ್ದು 2022ರಲ್ಲಿ ಗೆದ್ದ ರಿಕಿ ಲೈಟ್‌ಫುಟ್ ಕಥೆ. ಅಗ್ನಿಶಾಮಕ ದಳದವನು, ರಾತ್ರಿ ಪಾಳಿ ಮುಗಿಸಿ, ನಿದ್ದೆಯಿಲ್ಲದೆ ಬಂದು ಓಡಿದವನು.

ಎರಡು ಕಾಲಿನವನು ಹೇಗೆ ಗೆಲ್ಲುತ್ತಾನೆ ಎಂದು ನೀವು ಕೇಳುವುದು ಖಂಡಿತ. ಬೆಳಿಗ್ಗೆ ಓಟಗಾರರನ್ನು ಮೊದಲು ಬಿಡುತ್ತಾರೆ, ಕಾಲು ಗಂಟೆಯ ನಂತರ ಕುದುರೆಗಳನ್ನು. ಆ ಕಾಲು ಗಂಟೆ ನೂಕುನುಗ್ಗಲು ತಪ್ಪಿಸಲಿಕ್ಕಷ್ಟೆ, ಆಮೇಲೆ ಲೆಕ್ಕದಲ್ಲಿ ಕಳೆಯುತ್ತಾರೆ. ಬಯಲು ಸಿಕ್ಕಲ್ಲಿ ಕುದುರೆ ದಡದಡ ದಾಟಿಹೋಗುತ್ತದೆ, ಕೇಳುವುದೇ ಬೇಡ. ಕಲ್ಲು ತುಂಬಿದ ಕಡಿದಾದ ಇಳಿಜಾರಿಗೆ ಬಂದಾಗ ಮಾತ್ರ ಸವಾರ ಲಗಾಮು ಎಳೆಯಬೇಕು. ನಾನು ನಿಂತಿದ್ದು ಅಂಥ ಕಡೆ. ಒಬ್ಬ ತೆಳ್ಳಗಿನ ಹುಡುಗ ಮೈಯೆಲ್ಲ ಕೆಸರಾಗಿ, ಕಲ್ಲಿಂದ ಕಲ್ಲಿಗೆ ಮೇಕೆಮರಿಯಂತೆ ನೆಗೆಯುತ್ತ, ಹೆಜ್ಜೆ ಎಣಿಸಿ ಇಳಿಯುತ್ತಿದ್ದ ಕುದುರೆಗೆ ಕೈಬೀಸಿ ಮುಂದೆ ಹೋದ. ಸವಾರಳು ಬಿದ್ದುಬಿದ್ದು ನಕ್ಕಳು. ನಾನು ಶಿಳ್ಳೆ ಹಾಕಿದೆ.

ಬಿಸಿಲು ಇನ್ನೊಂದು ಕಾರಣ. ಕುದುರೆಯೂ ಬೆವರುತ್ತದೆ, ಆದರೆ ಅಷ್ಟು ದೊಡ್ಡ ಮೈಯ ಕಾವು ಬೇಗ ಇಳಿಯದು. ರೋಮವಿಲ್ಲದ ನಮ್ಮ ಚರ್ಮದ ಮೇಲೆ ಬೆವರು ಆರಿದ ಹಾಗೆ ಮೈ ತಂಪಾಗುತ್ತ ಹೋಗುತ್ತದೆ. ಗಂಟೆಗಟ್ಟಲೆ ಓಡುವಾಗ ವೇಗಕ್ಕಿಂತ ಇದೇ ಮುಖ್ಯ. ದಾರಿಯಲ್ಲಿ ಪಶುವೈದ್ಯರು ಕುದುರೆಗಳನ್ನು ತಡೆದು ಎದೆಬಡಿತ ನೋಡುತ್ತಾರೆ. ಮನುಷ್ಯರನ್ನು ಕೇಳುವವರೇ ಇಲ್ಲ.

ನೀವು ಕಂಬಳದ ಗದ್ದೆಯಂಚಿನಲ್ಲೇ ಬೆಳೆದವರು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಊರೆಲ್ಲ ಬೋಲ್ಟ್ ಬೋಲ್ಟ್ ಎಂದರೂ, ‘ಮುಂದೆ ಎಳೆಯುವ ಕೋಣಗಳಿಗೆ ಅರ್ಧ ಪಾಲು ಕೊಡಿ’ ಎಂದು ನೀವು ಗದರಿದ್ದಿರಿ. ಇಲ್ಲಿ ಎಳೆಯುವವರಿಲ್ಲ, ಎದುರಾಳಿಯೇ ಪ್ರಾಣಿ. ಅಂದಹಾಗೆ ಈ ಸಲ ಗೆದ್ದದ್ದು ಕುದುರೆಯೇ, ಯಾರಿಗೂ ಬೇಜಾರಾದಂತೆ ಕಾಣಲಿಲ್ಲ.

ಇದೇ ಊರಲ್ಲಿ ಆಗಸ್ಟ್ ಕೊನೆಗೆ ಜೌಗಿನಲ್ಲಿ 55 ಮೀಟರ್ ಉದ್ದದ ಕಾಲುವೆ ತೋಡಿ, ಕೆಸರುನೀರಿನಲ್ಲಿ ಮುಖ ಮುಳುಗಿಸಿ, ಉಸಿರಿನ ಕೊಳವೆ ಕಚ್ಚಿಕೊಂಡು ಹೋಗಿಬರುವ ಸ್ಪರ್ಧೆ ಬೇರೆ ಇದೆ. ಕೈಬೀಸಿ ಈಜುವಂತಿಲ್ಲ, ಕಾಲು ಬಡಿಯುತ್ತಲೇ ಸಾಗಬೇಕು. ಅದಕ್ಕೂ ಬರುವ ಯೋಚನೆಯಿದೆ. ದಡದಲ್ಲಿ ನಿಲ್ಲಲು ಮಾತ್ರ. ಚಿಕ್ಕಮ್ಮನಿಗೆ ಮೊದಲೇ ಹೇಳಿಬಿಡಿ.

ನಿಮ್ಮ
ರಾಘು